ಬೆಂಗಳೂರು ಬರಲೇ ಇಲ್ಲ

ನಮ್ಮ ಶಿವಮೊಗ್ಗದ ಕಡೆಯವರಿಗೆ ತಿರುಪತಿ ದಾರಿ ಅಂದರೆ ಬೆಂಗಳೂರು ದಾರಿ. ಬಸ್ಸಾಗಲಿ ಕಾರಾಗಲಿ, ಹತ್ತಿರ ಹತ್ತಿರ 550 ಕಿ.ಮೀ. ಆಗುತ್ತದೆ. ನಡುವೆ ಆ ಊರಿನ ಟ್ರಾಫಿಕ್ಕು ಬೇರೆ. 2023ರ ನವೆಂಬರಿನಲ್ಲಿ ನಮ್ಮ ಸೋಗಾನೆ ವಿಮಾನ ನಿಲ್ದಾಣದಿಂದ ತಿರುಪತಿಗೆ ನೇರ ವಿಮಾನ ಶುರುವಾದಾಗ ಅಮ್ಮ ಕೇಳಿದ್ದು ಇಷ್ಟೇ: "ಮುಡಿಪು ಕಟ್ಟಿ ನಾಲ್ಕು ವರ್ಷ ಆಯ್ತು. ಈಗಲಾದ್ರೂ ಹೋಗೋಣ್ವಾ?"

ನಿಲ್ದಾಣದ ತಪಾಸಣೆಯಲ್ಲಿ ಆ ಮುಡಿಪೇ ನಮ್ಮನ್ನು ಸಿಕ್ಕಿಸಿದ್ದು. ಹಳದಿ ಬಟ್ಟೆಯ ಗಂಟು, ಒಳಗೆ ಬರೀ ನಾಣ್ಯ. ಎಕ್ಸ್‌ರೇಯಲ್ಲಿ ಕಪ್ಪು ಉಂಡೆ ಹಾಗೆ ಕಂಡಿರಬೇಕು. ಬಿಚ್ಚಿ ತೋರಿಸಿ ಅಂದರು. "ಇದು ಹುಂಡಿಗೆ ಹಾಕೋದಪ್ಪಾ" ಅಂತ ಅಮ್ಮ ಎದೆಗೆ ಅವುಚಿಕೊಂಡರು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ನಾನೇ ಬಿಚ್ಚಿದೆ. ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ನೀವು ಹೋಗುವುದಾದರೆ ಕಟ್ಟುವಾಗಲೇ ನೋಟು ಕಟ್ಟಿ.

76 ಸೀಟಿನ ಪುಟ್ಟ ವಿಮಾನ. ಅದು ಮೇಲೇಳುವಾಗ ಹಿಂದಿನಿಂದ ಯಾರೋ ಮೆಲ್ಲಗೆ "ಗೋವಿಂದಾ" ಅಂದರು. ಅರ್ಧ ವಿಮಾನ "ಗೋವಿಂದ" ಅಂತು!

ಪಕ್ಕದಲ್ಲಿ ಸಾಗರದ ಕಡೆಯ ಅಜ್ಜ ಒಬ್ಬರು. ಮೊದಲ ವಿಮಾನವಂತೆ. ಹತ್ತು ನಿಮಿಷಕ್ಕೊಮ್ಮೆ ಕಿಟಕಿಯಲ್ಲಿ ಬಗ್ಗಿ ನೋಡಿ, "ತಮ್ಮಾ, ಬೆಂಗಳೂರು ಬಂತಾ?" ಅನ್ನುತ್ತಿದ್ದರು.

"ಬರೋದಿಲ್ಲ ಅಜ್ಜ. ಇದು ನೇರ ಪೂರ್ವಕ್ಕೆ ಹೋಗುತ್ತೆ." ನಕ್ಷೆ ಮೇಲೆ ಗೆರೆ ಎಳೆದರೆ ಶಿರಾ, ಮಧುಗಿರಿ, ಗೌರಿಬಿದನೂರು ಆಸುಪಾಸಿನಲ್ಲೇ ಹಾದುಹೋಗುತ್ತದೆ, ಸುಮಾರು 425 ಕಿ.ಮೀ. ಅಂತ ಬೆರಳಲ್ಲಿ ತೋರಿಸಿದೆ.

"ಹಂಗಾರೆ ಬೆಂಗಳೂರು?"

"ಬಲಗಡೆ, ದೂರದಲ್ಲಿ ಉಳೀತು."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗ ಅಲ್ಲೇ ಇರೋದು. ತಿರುಪತಿಗೆ ಹೊರಟ್ರೆ ಒಂದು ರಾತ್ರಿ ಅವನ ಮನೇಲಿ ಉಳೀತಿದ್ವಿ. ಮೊಮ್ಮಗಳನ್ನ ನೋಡಿದಂಗೂ ಆಗ್ತಿತ್ತು. ಈ ಸಲ ಅವನೇ ಟಿಕೆಟ್ ಮಾಡ್ಸಿ ಕಳ್ಸಿದಾನೆ. ಸುಸ್ತಾಗಬಾರ್ದು ಅಂತ" ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. "ಬೇಗ ತಲುಪ್ತೀವಲ್ಲ ಅಜ್ಜ" ಅಂದೆ. ಪೆದ್ದು ಮಾತು.

ಗಂಟೆಯ ಮೇಲೆ ಚೂರು ಆಗುವಷ್ಟರಲ್ಲಿ ತಿರುಪತಿಯ ವಿಮಾನ ನಿಲ್ದಾಣ ಇರುವ ರೇಣಿಗುಂಟದಲ್ಲಿ ಇಳಿದೆವು. ಎರಡು ಗಂಟೆ ಮೊದಲೇ ಹೋಗಿ ಕೂತದ್ದು, ಬ್ಯಾಗಿಗೆ ಕಾದದ್ದು, ಟ್ಯಾಕ್ಸಿ, ಎಲ್ಲ ಸೇರಿ ಮನೆಯಿಂದ ಬೆಟ್ಟದ ಬುಡದ ಅಲಿಪಿರಿಗೆ ಐದು ಗಂಟೆ ಹಿಡಿಯಿತು. ಗಂಟೆಯ ಪ್ರಯಾಣ ಅನ್ನುವವರ ಮಾತು ನಂಬಬೇಡಿ. ಆದರೂ ರಸ್ತೆಯಲ್ಲಿ ಆಗುವುದರ ಅರ್ಧ ಅಷ್ಟೇ. ಬೆಟ್ಟದ ಮೇಲೆ ಎಂದಿನಂತೆ ಸಾಲು, ತಳ್ಳಾಟ. ಗರ್ಭಗುಡಿ ಮುಂದೆ ಸಿಕ್ಕಿದ್ದು ಎರಡು ಕ್ಷಣ. ಅಮ್ಮ ಮತ್ತೆ ಕಟ್ಟಿದ ಗಂಟನ್ನು ಹುಂಡಿಗೆ ಹಾಕಿ, "ತಪ್ಪಾಯ್ತಪ್ಪಾ" ಅಂದರು.

ಅಜ್ಜನನ್ನು ಕೊನೆಗೆ ಕಂಡದ್ದು ನಿಲ್ದಾಣದ ಬಾಗಿಲಲ್ಲಿ. ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು: "ಇಳಿದೇ ಬಿಟ್ಟೆ ಮಾರಾಯ. ವಾಪಸ್ ಬರೋ ಟಿಕೆಟ್ ಕ್ಯಾನ್ಸಲ್ ಮಾಡ್ಸು. ನಾನು ಬಸ್ಸಲ್ಲಿ ಬರ್ತೀನಿ. ಪುಟ್ಟಿಗೆ ಲಾಡು ತರ್ತೀನಿ ಅಂತ ಹೇಳು."