ಗಟ್ಟಿಯಾದಷ್ಟೂ ಏಳುವ ಫಿಲ್ಮ್

12 ಮಾರ್ಚ್ 2024, ಮಂಗಳವಾರ

ಚೇಂಬರ್‌ನಿಂದ ತೆಗೆದಾಗ ಫಿಲ್ಮ್, ಅಂದರೆ ಇಂಗಾಲದ ತೆಳು ಲೇಪ, ಚೆನ್ನಾಗಿಯೇ ಇತ್ತು. ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ನುಣ್ಣಗೆ, ಕಪ್ಪಗೆ ಹೊಳೆಯುತ್ತಿತ್ತು. ಊಟ ಮುಗಿಸಿ ಬಂದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಅಂಚಿನಿಂದ ಒಳಕ್ಕೆ ಅಂಕುಡೊಂಕು ಉಬ್ಬುಗೆರೆಗಳು ಎದ್ದಿವೆ, ಹಳೇ ಟೆಲಿಫೋನಿನ ಸುರುಳಿ ವೈರ್ ಥರ. ನೋಡ್ತಾ ಇದ್ದ ಹಾಗೇ ಒಂದು ಗೆರೆಯ ತುದಿ ಮೆಲ್ಲಗೆ ಮುಂದೆ ಸರಿಯಿತು. ಗಾಳಿಯ ತೇವ ಸೋಕಿದರೆ ಇದು ಇನ್ನೂ ಜಾಸ್ತಿ.

ಇದು ಡಿಎಲ್‌ಸಿ, ಅಂದರೆ ವಜ್ರದಂಥ ಇಂಗಾಲ. ವಜ್ರದಲ್ಲಿ ಪ್ರತಿ ಪರಮಾಣುವಿಗೂ ನಾಲ್ಕು ಬಂಧ. ಗ್ರಾಫೈಟ್‌ನಲ್ಲಿ ಮೂರೇ, ಅದೂ ಒಂದೇ ಹಾಳೆಯೊಳಗೆ. ಹಾಳೆಗಳ ನಡುವೆ 0.335 ನ್ಯಾನೋಮೀಟರ್ ಅಂತರ, ಹಿಡಿತ ತೀರಾ ಸಡಿಲ. ನಮ್ಮ ಫಿಲ್ಮ್‌ನಲ್ಲಿ ಎರಡೂ ಬಗೆಯ ಬಂಧಗಳು ಕ್ರಮವಿಲ್ಲದೆ ಬೆರೆತಿವೆ. ಹೈಡ್ರೋಜನ್ ಇಲ್ಲದ ಒಳ್ಳೇ ಫಿಲ್ಮ್‌ನಲ್ಲಿ ವಜ್ರದ ಬಗೆಯದ್ದೇ ಶೇ. 80ರ ಮೇಲಿರುತ್ತದೆ.

ಅಷ್ಟು ವಜ್ರದ ಬಂಧ ಬರುವುದು ಹೊಡೆತದಿಂದ. ಸುಮಾರು 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಬಂದ ಇಂಗಾಲದ ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ಮೇಲೆ ಕೂರುವುದಿಲ್ಲ, ಮೇಲ್ಮೈ ಸೀಳಿಕೊಂಡು ಒಳಗೆ ತುರುಕಿಕೊಳ್ಳುತ್ತದೆ. ಜಾಗ ಇಕ್ಕಟ್ಟಾಗಿ ನಾಲ್ಕು ಬಂಧದ ಜೋಡಣೆಗೆ ತಿರುಗುತ್ತದೆ. ಶಕ್ತಿ ಕಡಿಮೆಯಾದರೆ ಮೇಲೇ ಉಳಿದು ಗ್ರಾಫೈಟ್ ಕಡೆಗೆ ವಾಲುತ್ತದೆ. ತೀರಾ ಹೆಚ್ಚಾದರೆ ಆ ಜಾಗವೇ ಕಾದು, ಸಡಿಲಗೊಂಡು, ಮತ್ತೆ ಗ್ರಾಫೈಟ್ ಕಡೆಗೇ.

ಆದರೆ ತುರುಕಿದ ಪರಮಾಣುಗಳು ಸುಮ್ನೆ ಇರ್ತಾವಾ? ಅಕ್ಕಪಕ್ಕದವನ್ನು ತಳ್ಳುತ್ತವೆ. ಆ ಒತ್ತಡ 10 ಗಿಗಾಪಾಸ್ಕಲ್‌ವರೆಗೂ ಹೋಗುತ್ತದೆ, ವಾತಾವರಣದ ಒತ್ತಡದ ಸುಮಾರು ಒಂದು ಲಕ್ಷ ಪಟ್ಟು. ಫಿಲ್ಮ್ ದಪ್ಪವಾದಷ್ಟೂ ಒಳಗೆ ಕೂಡಿಟ್ಟ ಶಕ್ತಿ ಹೆಚ್ಚು. ಅದು ವೇಫರ್ ಜೊತೆಗಿನ ಅಂಟಿನ ಬಲ ಮೀರಿದ ಕೂಡಲೇ ಫಿಲ್ಮ್ ಏಳುತ್ತದೆ. ಹಾರ್ಡ್ ಡಿಸ್ಕ್ ಮೇಲಿನ ಇಂಗಾಲದ ಲೇಪಕ್ಕೆ ಈ ಕಾಟವಿಲ್ಲ, ಅದರ ದಪ್ಪ ಕೆಲವೇ ನ್ಯಾನೋಮೀಟರ್. ಬರೀ ಗಡಸುತನದ ಅಂಕಿ ತೋರಿಸಿ ಒಳ ಒತ್ತಡ ಹೇಳದ ಪೇಪರ್ ಕಂಡರೆ ನನಗೆ ಅನುಮಾನ ಬರುವುದು ಇದಕ್ಕೇ.

ಮಧ್ಯಾಹ್ನ ರಾಮನ್ ಸ್ಪೆಕ್ಟ್ರಮ್ ತೆಗೆದೆ, ಲೇಸರ್ ಬಿಟ್ಟು ಚದುರಿದ ಬೆಳಕಿನಿಂದ ಬಂಧಗಳ ಗುರುತು ಹಿಡಿಯುವ ಪರೀಕ್ಷೆ. 1332 cm⁻¹ನ ವಜ್ರದ ಚೂಪು ಗೆರೆ ಇಲ್ಲ, 1560ರ ಸುತ್ತ ಅಗಲವಾದ ಒಂದು ದಿಬ್ಬ ಅಷ್ಟೇ. ಹೊಸಬರು ಇದನ್ನು ನೋಡಿ 'ವಜ್ರವೇ ಇಲ್ವಲ್ಲ' ಅಂತ ಗಾಬರಿಯಾಗುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನ ಲೇಸರ್‌ಗೆ ಮೂರು ಬಂಧದವೇ ಹತ್ತಾರು ಪಟ್ಟು ಜೋರಾಗಿ ಉತ್ತರ ಕೊಡುತ್ತವೆ. ನಾಲ್ಕರವು ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಕೆಳಗೊಂದು ತೆಳು ಕ್ರೋಮಿಯಂ ಪದರ ಹಾಕಿ ನೋಡು ಅಂದರು ಸರ್. ಅಂಟು ಗಟ್ಟಿಯಾಗುತ್ತದೆ, ನಿಜ. ಒತ್ತಡ ಮಾತ್ರ ಹಾಗೇ ಉಳಿಯುತ್ತದೆ. ನನ್ನ ಒಲವು ನಿರ್ವಾತದಲ್ಲಿ 600 ಡಿಗ್ರಿಗೆ ಕಾಯಿಸುವ ಕಡೆ. ಕೆಲವೇ ಬಂಧಗಳು ನಾಲ್ಕರಿಂದ ಮೂರಕ್ಕೆ ಇಳಿದರೂ ಒತ್ತಡ ಹೆಚ್ಚುಕಡಿಮೆ ಪೂರ್ತಿ ಇಳಿಯುತ್ತದೆ, ಗಡಸುತನ ಉಳಿಯುತ್ತದೆ. ಸಿಲಿಕಾನ್ ಆ ಶಾಖ ತಡೆಯುತ್ತದೆ. ಹದ ಮಾಡಿದ ಉಕ್ಕಿನ ಮೇಲೆ ಇದೇ ಆಟ ನಡೆಯಲ್ಲ, ಅಷ್ಟು ಕಾಯಿಸಿದರೆ ಉಕ್ಕೇ ಮೆತ್ತಗಾಗುತ್ತದೆ. ಅಲ್ಲಿ ಕ್ರೋಮಿಯಂ ಪದರವೇ ಗತಿ.