ಹಸಿರು ಸೂಜಿ

ಮೆದುಳಿನ ಪರ್ಫ್ಯೂಷನ್ ಸ್ಕ್ಯಾನ್, ಅಂದರೆ ರಕ್ತದ ಹರಿವು ಅಳೆಯುವ ಸ್ಕ್ಯಾನ್, ಒಂದೂವರೆ ನಿಮಿಷದ ಕೆಲಸ. ಅಷ್ಟಕ್ಕಾಗಿ ಅಂದು ನಾನು ಮುಕ್ಕಾಲು ಗಂಟೆ ನರ ಹುಡುಕಿದೆ. ಪುಸ್ತಕದಲ್ಲಿ ಅದು ರಕ್ತನಾಳ. ಸೂಜಿ ಚುಚ್ಚುವವರಿಗೂ ಚುಚ್ಚಿಸಿಕೊಳ್ಳುವವರಿಗೂ ನರವೇ.

ದಾವಣಗೆರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಉದ್ಯೋಗ. ಜಗಳೂರು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ತಾಯಿ, ಮಗ ಬಂದಿದ್ದರು. ಅರವತ್ತು ದಾಟಿದ ತಾಯಿಗೆ ಮೂರು ವಾರದಿಂದ ಮಾತು ತಡವರಿಸುತ್ತಿತ್ತು. ಹಿಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತ್ತು, ಅದರ ಜಾತಿ ಕಂಡಿರಲಿಲ್ಲ. ‘ಗ್ಲಿಯೋಮಾ? ಲಿಂಫೋಮಾ?’ ಎಂದು ಸರ್ಜನ್ ಚೀಟಿಯಲ್ಲಿ ಬರೆದಿದ್ದರು. ಮೊದಲನೆಯದು ಮೆದುಳಿನದೇ ಕೋಶಗಳ ಗಡ್ಡೆ, ಎರಡನೆಯದು ಬಿಳಿ ರಕ್ತಕಣಗಳ ಕ್ಯಾನ್ಸರ್.

“ಯಾವ ಗಡ್ಡೆಯಾದರೇನು ಸರ್, ತೆಗೆದರೆ ಆಯಿತಲ್ಲ?” ಎಂದ ಮಗ.

ಆಗುವುದಿಲ್ಲ. ಗ್ಲಿಯೋಮಾವನ್ನು ಸಾಧ್ಯವಾದಷ್ಟೂ ಕತ್ತರಿಸಿ ತೆಗೆಯುತ್ತಾರೆ. ಲಿಂಫೋಮಾ ಆದರೆ ಚಿಕ್ಕ ಚೂರು ತೆಗೆದು ಪರೀಕ್ಷಿಸಿ, ಕೀಮೋ ಹಿಡಿಯುತ್ತಾರೆ.

ಆಯಸ್ಕಾಂತದ ಯಂತ್ರಕ್ಕೆ ಲೋಹ ಆಗದು. ತಾಳಿ ಬಿಚ್ಚಲು ಆಕೆ ಒಪ್ಪಲಿಲ್ಲ. ಅರಿಶಿನದ ಕೊಂಬು ಕಟ್ಟಿದ ದಾರ ನಮ್ಮ ಡ್ರಾಯರಿನಲ್ಲಿ ಸದಾ ಇರುತ್ತದೆ. ಕೋರ್ಸಿನಲ್ಲಿ ಯಾರೂ ಕಲಿಸಿದ್ದಲ್ಲ. ಅದನ್ನು ಕೊರಳಿಗೆ ಕಟ್ಟಿಕೊಂಡ ಮೇಲೆ ತಾಳಿ ಮಗನ ಜೇಬು ಸೇರಿತು.

ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ವರದಿ ಸರಿಯಿತ್ತು. ತೊಡಕಾದದ್ದು ಕೈ. ಹಸ್ತದ ಮೇಲೆ ಕಷ್ಟಪಟ್ಟು ಹಾಕಿದ್ದು ನೀಲಿ ಕ್ಯಾನುಲಾ, ನರದಲ್ಲಿ ಕೂರಿಸುವ ಕೊಳವೆ, ತೆಳುವಾದದ್ದು. ಚಿತ್ರ ಸ್ಪಷ್ಟವಾಗಲು ಕೊಡುವ ಮಾಮೂಲಿ ಕಾಂಟ್ರಾಸ್ಟ್‌ಗೆ ಸಾಕು, ಪರ್ಫ್ಯೂಷನ್‌ಗೆ ಸಾಲದು. ಆಕೆಯ 50 ಕೆಜಿ ತೂಕಕ್ಕೆ 10 ಮಿಲಿ ಗ್ಯಾಡೋಲಿನಿಯಂ ಮದ್ದು. ಸೆಕೆಂಡಿಗೆ 5 ಮಿಲಿಯಂತೆ ಎರಡೇ ಸೆಕೆಂಡಿನಲ್ಲಿ ನೂಕಬೇಕು, ಬೆನ್ನಿಗೇ ಸಲೈನ್. ಮದ್ದು ಒಟ್ಟಾಗಿ ಮೆದುಳು ಹೊಕ್ಕು ದಾಟುವುದನ್ನೇ ನಾವು ಅಳೆಯುವುದು. ನಿಧಾನವಾದರೆ ಚದುರುತ್ತದೆ, ಒತ್ತಿದರೆ ನರ ಒಡೆದು ಕೈ ಊದುತ್ತದೆ. ಹೊತ್ತಾಗಿತ್ತು, ಹೊರಗೆ ಇನ್ನೂ ನಾಲ್ವರು ಕಾಯುತ್ತಿದ್ದರು. ನಡೆಯುತ್ತದೆ ಬಿಡು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ.

ಮೆಕ್ಕೆಜೋಳದ ಹೊಲದಲ್ಲಿ ಸವೆದ ಕೈ. ಬೆಳಗಿನಿಂದ ನೀರೂ ಮುಟ್ಟದೆ ನರಗಳೆಲ್ಲ ಒಳಗಿಳಿದಿದ್ದವು. ಎರಡು ಲೋಟ ನೀರು ಕುಡಿಸಿ, ಕೈಯನ್ನು ಮಂಚದಿಂದ ಇಳಿಬಿಟ್ಟು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿ ಕೂತೆ.

“ಬೋರಿಗೆ... ನೀರು ಬಂತೇನಪ್ಪ?” ಎಂದು ತಡವರಿಸುತ್ತ ಕೇಳಿದರು. ಜಗಳೂರಿನವರ ಬಾಯಲ್ಲಿ ಅದು ಬರಿಯ ತಮಾಷೆಯಲ್ಲ.

ಕೊನೆಗೆ ಮೊಣಕೈ ಮಡಿಕೆಯಲ್ಲಿ ಬೆರಳಿಗೆ ಏನೋ ಪುಟಿಯಿತು. ಹಸಿರು ಕ್ಯಾನುಲಾ, ಹದಿನೆಂಟರ ಗೇಜಿನ ದಪ್ಪನೆಯದು, ಒಂದೇ ಸಲಕ್ಕೆ ಕೂತಿತು. ಸಲೈನ್ ನೂಕಿ ನೋಡಿದೆ, ಊತವಿಲ್ಲ.

ಈ ಸ್ಕ್ಯಾನಿನಲ್ಲಿ ಮದ್ದು ಬಂದಾಗ ಚಿತ್ರ ಬೆಳಗುವುದಿಲ್ಲ, ಕಪ್ಪಾಗುತ್ತದೆ. ಗ್ರಾಫಿನ ಗೆರೆ ಧುಮುಕಿ ಮತ್ತೆ ಏರುತ್ತದೆ. ಹೊಸ ರಕ್ತನಾಳಗಳನ್ನು ಹೆಣೆದುಕೊಂಡ ಉಗ್ರ ಗ್ಲಿಯೋಮಾದಲ್ಲಿ ಸಾಮಾನ್ಯವಾಗಿ ಆಳಕ್ಕೆ ಬೀಳುತ್ತದೆ, ಪೂರ್ತಿ ಮೇಲೇಳುವುದಿಲ್ಲ. ಮೆದುಳಿನ ಹೊದಿಕೆಯ ಗಡ್ಡೆಯಾದ ಮೆನಿಂಜಿಯೋಮಾದಲ್ಲಿ ಬಿದ್ದಲ್ಲೇ ಉಳಿದುಬಿಡುವುದೂ ಉಂಟು. ಆಕೆಯ ಗಡ್ಡೆಯ ಮೇಲೆ ಮೌಸ್ ಇಟ್ಟು ವೃತ್ತ ಎಳೆದೆ. ಗೆರೆ ಸ್ವಲ್ಪವೇ ತಗ್ಗಿ, ಹೊರಟ ಮಟ್ಟವನ್ನೂ ದಾಟಿ ಮೇಲೇರಿ ನಿಂತಿತು. ನಂಬಿಕೆಯಾಗದೆ ಪಕ್ಕದಲ್ಲಿ ಇನ್ನೊಂದು ವೃತ್ತ ಎಳೆದೆ. ಅದೇ ಆಕಾರ.

ರೇಡಿಯಾಲಜಿಸ್ಟ್ ಬಂದು ನಿಂತೇ ನೋಡಿದರು. “ರಕ್ತದ ಪ್ರಮಾಣ ಕಡಿಮೆ. ಮದ್ದು ನಾಳದಿಂದ ಸೋರಿ ಗಡ್ಡೆಯೊಳಗೆ ಉಳಿದಿದೆ, ಸೋರಿದ ಮದ್ದು ಚಿತ್ರವನ್ನು ಬೆಳಗಿಸುತ್ತದೆ, ಅದಕ್ಕೇ ಗೆರೆ ಮೇಲೇರಿದೆ. ಲಿಂಫೋಮಾ ಇರಬೇಕು. ಆದರೆ ಹೇಳಬೇಕಾದ್ದು ಬಯಾಪ್ಸಿ.” ಅಲ್ಲಿಂದಲೇ ಸರ್ಜನ್‌ಗೆ ಫೋನ್ ಮಾಡಿ, ತೀರಾ ತುರ್ತಿಲ್ಲದಿದ್ದರೆ ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಬೇಡ ಎಂದರು. ಲಿಂಫೋಮಾ ಆಗಿದ್ದರೆ ಸ್ಟೀರಾಯ್ಡ್‌ಗೆ ಕರಗಿಬಿಡಬಹುದು. ಆಮೇಲೆ ಚೂರು ತೆಗೆದರೂ ಏನೂ ಸಿಗದೆ ಹೋಗುತ್ತದೆ.

ಹೊರಗೆ ಮಗ ನನ್ನ ಮುಖವನ್ನೇ ಓದುತ್ತಿದ್ದ. ವರದಿ ಹೇಳುವುದು ನನ್ನ ಅಧಿಕಾರವಲ್ಲ. “ಡಾಕ್ಟರು ಮಾತನಾಡುತ್ತಾರೆ, ಅವ್ವನಿಗೆ ತಿಂಡಿ ಕೊಡಿಸಿ” ಎಂದೆ. ತಾಯಿ ಮಗನ ಜೇಬಿಗೆ ತಾವೇ ಕೈಹಾಕಿ ತಾಳಿ ತೆಗೆದುಕೊಂಡರು.

ಎರಡು ತಿಂಗಳಾದ ಮೇಲೆ ಮತ್ತೆ ಬಂದರು, ಕೀಮೋ ನಡುವಿನ ಸ್ಕ್ಯಾನಿಗೆ. ತಲೆಗೆ ಸೆರಗು, ಕೈಯಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ. ನಾನು ಕೇಳುವ ಮೊದಲೇ ತೋಳು ಚಾಚಿದರು.

“ಹಸಿರು ಸೂಜಿಯೇ ತಾನೆ?”