ಹೊಸ ಪೋಕರ್ ಮಷೀನ್ ನೋಡಲು ಕೊಪ್ಪಳದಿಂದ ಪಣಜಿಗೆ

ಮೊದಲೇ ಹೇಳಿಬಿಡುತ್ತೇನೆ, ಬಸ್ಸಿಗೆ ಹೋಗಬೇಡಿ. ಎಸಿ ಸ್ಲೀಪರ್ ಅಂತ ಟಿಕೆಟ್ ಕೊಟ್ಟಿದ್ದರು. ರಾತ್ರಿ ಒಂಬತ್ತೂವರೆಗೆ ಕೊಪ್ಪಳಕ್ಕೆ ಬರಬೇಕಾದ ಗಾಡಿ ಬಂದದ್ದು ಹನ್ನೊಂದಕ್ಕೆ. ಎಸಿ ಕೆಟ್ಟಿದೆ ಅಂದರು. ಜಾತ್ರೆ ಮುಗಿದ ವಾರ, ಚಳಿ ಇನ್ನೂ ಇತ್ತು, ಎಸಿ ಯಾರಿಗೆ ಬೇಕು ಅಂತ ಹತ್ತಿದೆವು. ಗದಗ ದಾಟಿ ಸ್ವಲ್ಪ ದೂರದಲ್ಲಿ ಒಂದು ಗೋದಾಮಿನ ಮುಂದೆ ನಿಲ್ಲಿಸಿ ಒಣಮೆಣಸಿನಕಾಯಿ ಚೀಲ ಹೇರತೊಡಗಿದರು. ಡಿಕ್ಕಿ ತುಂಬಿತು, ಮೇಲೂ ತುಂಬಿತು. ಉಳಿದ ನಾಲ್ಕು ಚೀಲ ಹಿಂದಿನ ಖಾಲಿ ಬರ್ತಿಗೆ ಬಂದವು. ಅದರ ಪಕ್ಕದ ಬರ್ತು ನನ್ನದು. ಅನಮೋಡ ಘಾಟ್ ಇಳಿಯುವವರೆಗೂ ನಾನು ಸೀನಿದ್ದೇ ಸೀನಿದ್ದು. ಕಿಟಕಿ ತೆಗೆದರೆ ಮುಂದಿನವರು ಬೈಯುತ್ತಾರೆ, ಮುಚ್ಚಿದರೆ ಕಣ್ಣಲ್ಲಿ ನೀರು. ಕಂಡಕ್ಟರ್‌ಗೆ ಹೇಳಿದರೆ, "ಬ್ಯಾಡಗಿ ಮಾಲು ರೀ, ಖಾರ ಕಮ್ಮಿ ಇರತೈತಿ" ಅಂತ ಸಮಾಧಾನ ಮಾಡಿದ.

ಹೋದದ್ದು ನಾನು ಮತ್ತು ನನ್ನ ಭಾವಮೈದ. ಪಣಜಿಯಲ್ಲಿ ಪರದೆಯ ಮೇಲೆ ಇಸ್ಪೀಟು ಆಡುವ ಹೊಸ ವಿಡಿಯೊ ಪೋಕರ್ ಮಷೀನ್ ಬಂದಿವೆ ಅಂತ ಅವನಿಗೆ ಯಾರೋ ಹೇಳಿದ್ದರು. "ಡೀಲರ್ ಇಲ್ಲ, ಎದುರಿಗೆ ಕೂಡೋರಿಲ್ಲ ಮಾಮಾ. ನಾವು, ಮಷೀನು, ಅಷ್ಟ." ಈ ಮಾತಿಗೇ ನಾನು ಬಿದ್ದದ್ದು. ಗವಿಮಠದ ಜಾತ್ರೆಗೂ ತೇರಿನ ದಿನ ಬಿಟ್ಟು ಮರುದಿನ ಹೋಗುವವನು ನಾನು. ಗದ್ದಲ ಆಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ. ನಿಮಗೆ ಹಾಡು, ಕುಣಿತ, ಜನ ಇಷ್ಟವಾದರೆ ನನ್ನ ಸಲಹೆಯಲ್ಲಿ ಅರ್ಧ ಕೆಲಸಕ್ಕೆ ಬಾರದು.

ಮೊದಲ ರಾತ್ರಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿಗೆ ಹೋದೆವು, ಅದೇ ತಪ್ಪಾಯಿತು. ಶುಕ್ರವಾರ, ಅದಕ್ಕೆ ಪ್ಯಾಕೇಜ್ ದರವೂ ಜಾಸ್ತಿ. ದೋಣಿಗೆ ಕ್ಯೂ, ಕೌಂಟರ್‌ಗೆ ಕ್ಯೂ, ಊಟಕ್ಕೂ ಕ್ಯೂ. ಪ್ಯಾಕೇಜಿನಲ್ಲಿ ಆಟಕ್ಕೆ ಅಂತ ಕೊಟ್ಟ ಕೂಪನ್ ಟೇಬಲ್‌ಗೆ ಮಾತ್ರ ನಡೆಯುತ್ತದೆ, ಮಷೀನಿಗೆ ನಡೆಯುವುದಿಲ್ಲ ಅಂತ ಒಳಗೆ ಹೋದ ಮೇಲೆ ಹೇಳಿದರು. ದುಡ್ಡು ಕಟ್ಟುವ ಮೊದಲೇ ಇದನ್ನು ಕೇಳಿಕೊಳ್ಳಿ. ನಮ್ಮ ಕೂಪನ್ನುಗಳನ್ನು ಭಾವಮೈದ ಅಂದರ್ ಬಾಹರ್ ಟೇಬಲ್‌ನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿಬಂದ. ಆ ಆಟ ಆಡಲು ಗೋವಾದವರೆಗೆ ಬರಬೇಕಿತ್ತಾ? ದೀಪಾವಳಿಯಲ್ಲಿ ನಮ್ಮ ಓಣಿಯಲ್ಲೇ ಆಡುತ್ತಿರಲಿಲ್ವಾ?

ನಮಗೆ ಗೊತ್ತಿರದ ಸಂಗತಿ ಇನ್ನೊಂದಿತ್ತು. ಗೋವಾದ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲ್‌ಗಳಲ್ಲಿ ಎಲೆಕ್ಟ್ರಾನಿಕ್ ಮಷೀನುಗಳಿಗೆ ಅನುಮತಿ ಕೊಟ್ಟರು. 1996ರಲ್ಲಿ ಮತ್ತೆ ತಿದ್ದಿ ಹಡಗುಗಳಲ್ಲಿ ಟೇಬಲ್ ಆಟಕ್ಕೂ ಬಿಟ್ಟರು. ಅಂದರೆ ಎಲೆ ಹಂಚುವ ಆಟ ಬೇಕಾದರೆ ಹಡಗಿಗೆ ಹೋಗಬೇಕು. ಮಷೀನೇ ಸಾಕು ಅನ್ನುವವರಿಗೆ ನೆಲದ ಮೇಲಿನ ಹೋಟೆಲ್ ಕ್ಯಾಸಿನೊ ಇದೆ. ಅಲ್ಲಿ ದೋಣಿಯಿಲ್ಲ, ಕುಣಿತವಿಲ್ಲ. 21 ತುಂಬಿರಬೇಕು, ಒರಿಜಿನಲ್ ಗುರುತಿನ ಚೀಟಿ ತರಬೇಕು.

ಮರುದಿನ ಮಧ್ಯಾಹ್ನ ಅಂಥ ಒಂದು ಹೋಟೆಲ್‌ಗೆ ಹೋದೆವು. ಮೂರು ಗಂಟೆಗೆ ಒಳಗೆ ಹತ್ತು ಜನ ಇದ್ದರೆ ಹೆಚ್ಚು. ನನಗೆ ಸ್ವರ್ಗ. ಬಾಗಿಲ ಎದುರಿಗೇ ಹೊಸ ಮಷೀನುಗಳು, ಬಾಗಿದ ದೊಡ್ಡ ಪರದೆ, ಮೆತ್ತನೆ ಕುರ್ಚಿ. ಹೊಸದು ಪರದೆ ಮಾತ್ರ. ಆಟ 1970ರ ದಶಕದ ಕೊನೆಯಲ್ಲೇ ಅಮೆರಿಕದಲ್ಲಿ ಬಂದದ್ದು. ಐದು ಎಲೆ ಬರುತ್ತವೆ. ಬೇಕಾದ್ದನ್ನು ಹಿಡಿದು ಉಳಿದದ್ದನ್ನು ಬಿಟ್ಟರೆ ಬದಲಿ ಎಲೆ ಬರುತ್ತವೆ. ಕೊನೆಗೆ ಗುಲಾಮನ ಜೋಡಿ ಅಥವಾ ಅದಕ್ಕಿಂತ ದೊಡ್ಡದಿದ್ದರೆ ದುಡ್ಡು. ಎದುರಾಳಿ ಇಲ್ಲ ಅಂದ ಮೇಲೆ ಇಲ್ಲಿ ಬ್ಲಫ್ ಇಲ್ಲ. ಭಾವಮೈದನಿಗೆ ಇದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ತೀನ್‌ಪತ್ತಿ ಆಡುವವರ ಹಾಗೆ ಎಲೆ ನೋಡಿ ಮುಖ ಗಂಟು ಹಾಕಿಕೊಂಡು ಕೂತಿದ್ದ. ಮಷೀನಿಗೇನು ಮುಖ ಕಾಣುತ್ತದೆಯೇ?

ನಾನು ಮಾತ್ರ ಒಂದು ತಿಂಗಳು ಫೋನಿನಲ್ಲಿ ಪುಕ್ಕಟೆ ಆಟ ಆಡಿ ಕಲಿತು ಬಂದಿದ್ದೆ. ಚಿಕ್ಕ ಜೋಡಿ ಬಂದಾಗ ಅದರ ಜೊತೆ ಒಂಟಿ ಎಕ್ಕವನ್ನು ಸುಮ್ನೆ ಹಿಡಿದಿಟ್ಟುಕೊಳ್ಳಬಾರದು, ಜೋಡಿ ಇಟ್ಟು ಮೂರೂ ಬಿಡಬೇಕು. ಒಂದೇ ಬಣ್ಣದ ನಾಲ್ಕು ಇದ್ದರೆ ಚಿಕ್ಕ ಜೋಡಿಯನ್ನು ಮುರಿಯಬಹುದು, ಗುಲಾಮನ ಅಥವಾ ಅದರ ಮೇಲಿನ ಜೋಡಿಯನ್ನು ಸಾಮಾನ್ಯವಾಗಿ ಮುರಿಯಬಾರದು. ಬಣ್ಣ ಅಂದರೆ ಕೆಂಪು-ಕಪ್ಪು ಅಲ್ಲ, ನಾಲ್ಕೂ ಆಟೀನು ಅಥವಾ ನಾಲ್ಕೂ ಕಳಾವರ್ ಆಗಿರಬೇಕು. ಇಷ್ಟು ಕಲಿತವನು ಒಂದನ್ನು ಮಾತ್ರ ನೋಡಲಿಲ್ಲ.

ಒಂದು ಕ್ರೆಡಿಟ್‌ಗೆ ಎರಡು ರೂಪಾಯಿ, ಒಂದು ಕೈಗೆ, ಅಂದರೆ ಒಂದು ಸಲದ ಆಟಕ್ಕೆ, ಐದು ಕ್ರೆಡಿಟ್, ಹತ್ತು ರೂಪಾಯಿ. ಒಂದೂವರೆ ಗಂಟೆಯಲ್ಲಿ ಸಾವಿರದ ನೂರು ಹೋಯಿತು. ಎಲೆ ಬರುತ್ತಿರಲಿಲ್ಲ ಅಂತಲ್ಲ. ಮೂರು ಸಲ ಫುಲ್ ಹೌಸ್, ಅಂದರೆ ಒಂದೇ ಅಂಕಿಯ ಮೂರು ಎಲೆ, ಇನ್ನೊಂದರ ಜೋಡಿ, ಬಂತು. ಆದರೂ ಕ್ರೆಡಿಟ್ ಏರುತ್ತಿಲ್ಲ. ಆಗ ಪರದೆಯ ಮೇಲ್ಭಾಗದ ದರಪಟ್ಟಿಯನ್ನು ಸರಿಯಾಗಿ ಓದಿದೆ. ಹಾಕಿದ ಒಂದೊಂದು ಕ್ರೆಡಿಟ್‌ಗೆ ಫುಲ್ ಹೌಸ್ ಬಂದರೆ ಆರು, ಫ್ಲಶ್, ಅಂದರೆ ಐದೂ ಎಲೆ ಒಂದೇ ಬಣ್ಣ, ಬಂದರೆ ಐದು. ನಾನು ಫೋನಿನಲ್ಲಿ ಕಲಿತದ್ದು ಒಂಬತ್ತು, ಆರು. ಉಳಿದ ಸಾಲುಗಳೆಲ್ಲ ಒಂದೇ. ಈ ಎರಡು ಸಾಲಿನಲ್ಲೇ ಕತ್ತರಿ.

ತಪ್ಪಿಲ್ಲದೆ ಆಡಿದರೆ ಒಂಬತ್ತು-ಆರು ಮಷೀನು ದೀರ್ಘಕಾಲದಲ್ಲಿ ನೂರಕ್ಕೆ 99.54 ವಾಪಸ್ ಕೊಡುತ್ತದೆ. ಎಂಟು-ಐದು 97.30. ಆರು-ಐದು ಸುಮಾರು 95. ನೂರಕ್ಕೆ ಐದು ತಾನೇ ಅನ್ನಬೇಡಿ. ಗಂಟೆಗೆ ಐನೂರು ಕೈ ಆಡಿದರೆ ಐದು ಸಾವಿರ ರೂಪಾಯಿ ಆಟ ಆಯಿತು. ಸರಾಸರಿ ಇನ್ನೂರೈವತ್ತು ಪ್ರತಿ ಗಂಟೆಗೆ ಮಷೀನಿಗೆ. ನನ್ನ ನಸೀಬು ಅದಕ್ಕಿಂತ ಕೆಟ್ಟದಿತ್ತು, ಅದು ಬೇರೆ ಮಾತು.

ಸಿಟ್ಟು ಬಂದು ಎದ್ದು ಸುತ್ತಾಡಿದೆ. ಶೌಚಾಲಯದ ದಾರಿಯ ಮೂಲೆಯಲ್ಲಿ, ಬಟನ್ ಮೇಲಿನ ಅಕ್ಷರ ಸವೆದುಹೋದ ಎರಡು ಹಳೆ ಮಷೀನ್ ಇದ್ದವು. ಯಾರೂ ಕೂತಿರಲಿಲ್ಲ. ಪಟ್ಟಿ ಓದಿದೆ. ಎಂಟು, ಐದು! ಕುರ್ಚಿಯ ರೆಗ್ಜಿನ್ ಹರಿದಿತ್ತು, ಎಸಿ ನೇರವಾಗಿ ತಲೆಯ ಮೇಲೆ ಬೀಸುತ್ತಿತ್ತು. ಅಲ್ಲೇ ಎರಡು ಗಂಟೆ ಕೂತೆ. ಏಳರ ನಾಲ್ಕೂ ಎಲೆ ಒಟ್ಟಿಗೆ ಬಂದಾಗ 125 ಕ್ರೆಡಿಟ್, ಇನ್ನೂರೈವತ್ತು ರೂಪಾಯಿ. ಕಳೆದದ್ದರಲ್ಲಿ ಮುನ್ನೂರು ವಾಪಸ್ ಬಂತು. ಹೊಸ ಮಷೀನು ನೋಡಲು ಇಷ್ಟು ದೂರ ಬಂದವನು ಹಳೆಯದರ ಮುಂದೆ ಕೂತದ್ದನ್ನು ಭಾವಮೈದ ಈಗ ಕೊಪ್ಪಳದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಐದು ಕ್ರೆಡಿಟ್ ಯಾಕೆ ಅಂತ ಕೇಳಬಹುದು. ರಾಯಲ್ ಫ್ಲಶ್ (ಒಂದೇ ಬಣ್ಣದ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) ಬಂದರೆ ಐದಕ್ಕೆ 4000 ಕ್ರೆಡಿಟ್, ನಾಲ್ಕಕ್ಕೆ ಬರೀ 1000. ಅದು ಬರುವುದು ಸುಮಾರು ನಲವತ್ತು ಸಾವಿರ ಕೈಗೆ ಒಂದು ಸಲ, ನಿಮಗೆ ಬರಲಿ ಬಿಡಲಿ. ಆದರೆ ಮೇಲಿನ ಲೆಕ್ಕವೆಲ್ಲ ಐದು ಹಾಕಿದರೆ ಮಾತ್ರ. ಜೇಬು ಸಣ್ಣದಿದ್ದರೆ ಕಡಿಮೆ ಬೆಲೆಯ ಕ್ರೆಡಿಟ್ ಆರಿಸಿ, ಐದರಿಂದ ಇಳಿಯಬೇಡಿ. ಕೌಂಟರ್‌ನಲ್ಲಿ, ತೆರಿಗೆ ಕಳೆದು ಎಷ್ಟು ಕ್ರೆಡಿಟ್ ಬರುತ್ತದೆ ಅಂತ ಬಾಯಿಬಿಟ್ಟು ಕೇಳಿ. 2025ರ ಸೆಪ್ಟೆಂಬರ್‌ನಿಂದ ಕ್ಯಾಸಿನೊಗೆ ಜಿಎಸ್‌ಟಿ 40 ಶೇಕಡಾ. ಗೆದ್ದರೆ ಗೆದ್ದದ್ದಕ್ಕೆ 30 ಶೇಕಡಾ ಆದಾಯ ತೆರಿಗೆ ಬೇರೆ.

ರೂಮಿನ ಬಗ್ಗೆ ಒಂದೇ ಮಾತು. ಶುಕ್ರವಾರದ ದರ ಮೂರು ಸಾವಿರದ ಇನ್ನೂರು, ಕಿಟಕಿ ತೆಗೆದರೆ ಜನರೇಟರ್. ಶುಕ್ರವಾರ ಹೋಗಬೇಡಿ ಅನ್ನಲು ಇದೂ ಒಂದು ಕಾರಣ.

ಹೊಟ್ಟೆಯ ವಿಷಯ ಬೇರೆ. ಹಡಗಿನ ಬಫೆಯಲ್ಲಿ ಇಪ್ಪತ್ತು ಬಗೆ ಇತ್ತು, ಒಂದೂ ನೆನಪಿಲ್ಲ. ನೆನಪಿರುವುದು ಪಣಜಿ ಬಸ್ ಸ್ಟ್ಯಾಂಡ್ ಕಡೆ ಒಂದು ಗಲ್ಲಿಯ ಗಾಡಿ. ಸಂಜೆ ಏಳಕ್ಕೆ ದೀಪ ಹಚ್ಚುತ್ತಾರೆ. ರೋಸ್ ಆಮ್ಲೆಟ್ ಅಂತ ಕೇಳಿ. ಆಮ್ಲೆಟ್ ಮೇಲೆ ಕೋಳಿ ಸಾರು, ತೆಂಗಿನಕಾಯಿ ಮಸಾಲೆ ಹುರಿದು ಅರೆದ ದಪ್ಪ ಸಾರು, ಹೊಯ್ದು ಕೊಡುತ್ತಾರೆ. ಮೇಲೆ ಹೆಚ್ಚಿದ ಈರುಳ್ಳಿ, ಒಂದು ಹೋಳು ನಿಂಬೆ, ಪಕ್ಕದಲ್ಲಿ ಬಿಸಿ ಪಾವ್. ಪಾವ್ ಮುರಿದು ಸಾರಿನಲ್ಲಿ ಅದ್ದಿದರೆ ಜೋಳದ ರೊಟ್ಟಿಯವನಾದ ನಾನೂ ಸೋತೆ. ಎರಡನೇ ತಟ್ಟೆ ಹೇಳುವಾಗ ನಮ್ಮ ಮಾತು ಕೇಳಿ ತಟ್ಟೆ ತೊಳೆಯುತ್ತಿದ್ದ ಹುಡುಗ ತಿರುಗಿದ.

"ಯಾವೂರ್ರೀ ಅಣ್ಣಾರ?"

"ಕೊಪ್ಪಳ. ನಿಂದು?"

"ಕುಷ್ಟಗಿ ಬಾಜೂಕ ರೀ. ಆಡಾಕ ಬಂದೀರೇನು?"

ಹೌದು ಅನ್ನಲು ಯಾಕೋ ನಾಚಿಕೆ ಆಯಿತು. ಕೆಲಸದ ಮೇಲೆ ಬಂದಿದ್ದೇವೆ ಅಂದೆ. ಅವನು ನಕ್ಕು, ಮರುದಿನ ಮುಂಜಾನೆ ಭಾಜಿ-ಪಾವ್ ಎಲ್ಲಿ ಚೆನ್ನಾಗಿರುತ್ತದೆ ಅಂತ ಹೇಳಿದ. ಒಣ ಬಟಾಣಿಯ ತೆಳು ಪಾತಳ ಭಾಜಿ, ಜೊತೆಗೆ ಒಂದು ಮೆಣಸಿನಕಾಯಿ ಭಜಿ. ಇಬ್ಬರದ್ದೂ ಸೇರಿ ನೂರೈವತ್ತು ದಾಟಲಿಲ್ಲ. ನಮ್ಮ ವಗ್ಗರಣಿ-ಮಿರ್ಚಿಯ ಜಾಗಕ್ಕೆ ಅದು ಬರುವುದಿಲ್ಲ ಬಿಡಿ, ಆದರೆ ಹತ್ತಿರ ಬರುತ್ತದೆ.

ವಾಪಸ್ ರೈಲಿಗೆ ಬಂದೆವು. ಮುಂಜಾನೆ ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಮಡಗಾಂವ್, ಲೋಂಡಾ, ಹುಬ್ಬಳ್ಳಿ, ಗದಗ ಮೇಲೆ ಕೊಪ್ಪಳಕ್ಕೇ ತಂದು ಬಿಡುತ್ತದೆ. ಹೊಸಪೇಟೆ, ಬಳ್ಳಾರಿಯವರಿಗೂ ಅದೇ ಗಾಡಿ. ದಿನಾ ಇಲ್ಲ. ಆದ್ದರಿಂದ ಮೊದಲು ವಾಪಸ್ ಬರುವ ರೈಲಿನ ದಿನ ನೋಡಿಕೊಂಡು, ಆಮೇಲೆ ಹೋಗುವ ದಿನ ಗೊತ್ತು ಮಾಡಿ. ಕುಳೆಂ ಬಿಟ್ಟ ಮೇಲೆ ಘಾಟ್ ಹತ್ತುವಾಗ ನಿದ್ದೆ ಮಾಡಬೇಡಿ, ದೂಧ್‌ಸಾಗರ ಅಲ್ಲೇ ಬರುತ್ತದೆ. ಭಾವಮೈದ ಮಲಗಿಬಿಟ್ಟಿದ್ದ. ನಾನು ಎಬ್ಬಿಸಲಿಲ್ಲ.